ಗೆಳೆಯನಿಗೊಂದು ಪತ್ರ: ಆ ಗುಂಯ್ ಸದ್ದು ಯಾವ ದಾರಿಯಿಂದ ಬರುತ್ತಿದೆ?

ಪ್ರೀತಿಯ ದೋಸ್ತ,

ಲ್ಯಾಪ್‌ಟಾಪನ್ನು ಹ್ಯಾಮ್ ರೇಡಿಯೋಗೆ ಜೋಡಿಸಿ ಎಫ್‌ಟಿ8 (ಚುಟುಕು ಸಂದೇಶವನ್ನು ಕಂಪ್ಯೂಟರ್ ಟೋನುಗಳಾಗಿ ಕಳಿಸುವ ವಿಧಾನ) ಕಳಿಸಿದರೆ ಗುಂಯ್ ಸದ್ದು ಸೇರುತ್ತಿದೆ, ಎರಡರ ನಡುವೆ ಹಾಕುವ ಇಂಟರ್‌ಫೇಸ್ ಪೆಟ್ಟಿಗೆ ಕೊಳ್ಳಲೇ ಅಂತ ಕೇಳಿದ್ದೀಯ. ನಿನ್ನ ಪತ್ರ ಓದಿದ ಮೇಲೆ ಮುಂಜಾನೆ ರೇಡಿಯೋವನ್ನು 7.074 ಮೆಗಾಹರ್ಟ್ಜ್‌ಗೆ ಇಟ್ಟು ನಿನ್ನ ಸಿಗ್ನಲ್ ನೋಡಿದೆ. ಗದಗಿನಿಂದ ಧಾರವಾಡಕ್ಕೆ ಜೋರಾಗಿಯೇ ಬರುತ್ತಿದೆ. ಆದರೆ ವಾಟರ್‌ಫಾಲ್‌ನಲ್ಲಿ (ಸಿಗ್ನಲ್ಲುಗಳನ್ನು ಗೆರೆಗಳಾಗಿ ತೋರಿಸುವ ಪರದೆಯ ಚಿತ್ರ) ನಿನ್ನ ಗೆರೆ ಒಂಟಿಯಾಗಿಲ್ಲ. ಎರಡೂ ಬದಿಗೆ ಸಣ್ಣ ಸಣ್ಣ ಗೆರೆಗಳಿವೆ, ಸರಿಯಾಗಿ 100 ಹರ್ಟ್ಜ್‌ಗೆ ಒಂದರಂತೆ. ಆ ದುಬಾರಿ ಇಂಟರ್‌ಫೇಸ್ ಪೆಟ್ಟಿಗೆಗೆ ಈಗಲೇ ದುಡ್ಡು ಹಾಕಬೇಡ. ಸದ್ದು ಯಾವ ದಾರಿಯಿಂದ ಒಳಗೆ ಬರುತ್ತಿದೆ ಅಂತ ಮೊದಲು ಗೊತ್ತಾಗಲಿ.

ಆ 100 ಅನ್ನುವ ಅಂಕಿಯಲ್ಲೇ ಅರ್ಧ ಉತ್ತರ ಇದೆ. ನಮ್ಮ ಮನೆಯ ಕರೆಂಟು 50 ಹರ್ಟ್ಜ್. ಅದನ್ನು ಡಿಸಿ ಮಾಡುವಾಗ ಉಳಿಯುವ ಏರಿಳಿತ ಅದರ ಎರಡರಷ್ಟು. ಅಂದರೆ ನಿನ್ನ ಸದ್ದು ಪವರ್ ಸಪ್ಲೈ ಕಡೆಯಿಂದ ಬರುತ್ತಿರಬೇಕು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಒಮ್ಮೆ ಟ್ರಾನ್ಸ್‌ಮಿಟ್ ಮಾಡು. ಬೇರೆ ಏನನ್ನೂ ಮುಟ್ಟಬೇಡ. ಗೆರೆಗಳು ಹೋದರೆ ಕಳ್ಳ ಸಿಕ್ಕ ಹಾಗೆ.

ಚಾರ್ಜರ್ ಹಾಕಿದಾಗ ಲ್ಯಾಪ್‌ಟಾಪಿನ ಅಂಚು ಜುಮ್ ಅನ್ನುತ್ತದೆ ಅಂತ ನೀನೇ ಬರೆದಿದ್ದೀಯಲ್ಲ, ಅದೂ ಇದೇ ಕಥೆ. ಅರ್ಥಿಂಗ್ ಸಿಗದ ಚಾರ್ಜರ್‌ನಿಂದ ಸ್ವಲ್ಪ ಕರೆಂಟು ಲ್ಯಾಪ್‌ಟಾಪಿನ ಮೈಗೆ ಸೋರುತ್ತದೆ. ಅದಕ್ಕೆ ಭೂಮಿಗೆ ಇಳಿಯಲು ದಾರಿ ಬೇಕು. ನಿನ್ನ ಆಡಿಯೋ ಕೇಬಲ್ಲಿನ ಶೀಲ್ಡ್ ಹಿಡಿದು ರೇಡಿಯೋ ಕಡೆ ಹೊರಡುತ್ತದೆ. ಮೈಕ್ ಜಾಕ್ ಕೇಳುವುದೇ ಕೆಲವು ಮಿಲಿವೋಲ್ಟ್. ಅಲ್ಲಿ ಇಷ್ಟು ಸೋರಿಕೆಯೂ ದೊಡ್ಡ ಸದ್ದೇ. ನಿನ್ನ ರೇಡಿಯೋ ಹಿಂದೆ ಡೇಟಾ ಜಾಕ್ ಇದ್ದರೆ ಮೈಕ್ ಬಿಟ್ಟು ಅದನ್ನೇ ಬಳಸು.

ಸಾಕೆಟ್ಟಿನ ಅರ್ಥಿಂಗನ್ನೂ ಎಲೆಕ್ಟ್ರಿಷಿಯನ್ ಕೈಲಿ ನೋಡಿಸು. ನಿಮ್ಮ ಕಡೆಯ ಎರಿ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥ್ ರಾಡ್ ಬಿಟ್ಟು ಸರಿಯುತ್ತದೆ. ಮಳೆಗಾಲದಲ್ಲಿ ಸರಿಯಿದ್ದ ಅರ್ಥಿಂಗ್ ಏಪ್ರಿಲ್‌ನಲ್ಲಿ ಹೆಸರಿಗಷ್ಟೇ ಇರುತ್ತದೆ. ಪ್ಲಗ್ಗಿನ ಮೂರನೇ ಪಿನ್ ಕಿತ್ತರೆ ಸದ್ದು ನಿಲ್ಲುತ್ತದೆ ಅಂತ ಹೇಳುವವರು ಸಿಗುತ್ತಾರೆ. ದಯವಿಟ್ಟು ಅವರ ಮಾತು ಕೇಳಬೇಡ. ಅದು ಜೀವದ ಪ್ರಶ್ನೆ.

ಇದಕ್ಕೆ ಮದ್ದು ಸಣ್ಣದು. 600 ಓಮಿನ ಒಂದಕ್ಕೊಂದು (1:1) ಆಡಿಯೋ ಟ್ರಾನ್ಸ್‌ಫಾರ್ಮರ್ ಎರಡು ಸಾಕು, ಹೋಗುವ ದಾರಿಗೆ ಒಂದು, ಬರುವ ದಾರಿಗೆ ಒಂದು. ಹಳೇ ಡಯಲ್‌ಅಪ್ ಮೋಡೆಮ್ ಒಳಗೆ ಇಂಥದ್ದೇ ಇರುತ್ತದೆ, ಗುಜರಿ ಅಂಗಡಿಯಲ್ಲಿ ಕೇಳು. ಬೆರಳ ತುದಿಯಷ್ಟು ದಪ್ಪದ ಚೌಕ, ಎರಡೂ ಬದಿಗೆ ಪಿನ್ನುಗಳು. ಒಳಗಿನ ಎರಡು ಸುರುಳಿಗಳ ನಡುವೆ ತಂತಿಯ ಸಂಬಂಧವೇ ಇಲ್ಲ. ಆಡಿಯೋ ದಾಟುತ್ತದೆ, ಸೋರಿಕೆ ಅಲ್ಲೇ ನಿಲ್ಲುತ್ತದೆ. ಆದರೆ ಒಂದು ಮಾತು ನೆನಪಿಡು. ಆಡಿಯೋಗೆ ಟ್ರಾನ್ಸ್‌ಫಾರ್ಮರ್ ಹಾಕಿ ಪಿಟಿಟಿ (ರೇಡಿಯೋವನ್ನು ಟ್ರಾನ್ಸ್‌ಮಿಟ್‌ಗೆ ತಿರುಗಿಸುವ) ತಂತಿಯ ಗ್ರೌಂಡನ್ನು ಹಾಗೇ ಬಿಟ್ಟರೆ ಸೋರಿಕೆ ಸುತ್ತುವ ಲೂಪ್ ಉಳಿದೇ ಉಳಿಯುತ್ತದೆ. ಪಿಟಿಟಿಗೆ ಆಪ್ಟೋಕಪ್ಲರ್ (ಸಿಗ್ನಲ್ಲನ್ನು ತಂತಿಯ ಬದಲು ಬೆಳಕಿನಿಂದ ದಾಟಿಸುವ ಚಿಪ್) ಹಾಕು. ಪಿಸಿ817 ಸಾಕು, ಬೆಲೆಯೂ ಜಾಸ್ತಿ ಇಲ್ಲ.

ಇದೆಲ್ಲ ಮಾಡಿದ ಮೇಲೂ ಪವರ್ ಏರಿಸಿದಾಗ ಸಿಗ್ನಲ್ ಒಡೆದರೆ, ಇಲ್ಲವೇ ಮೌಸ್ ಸ್ತಬ್ಧವಾದರೆ, ಅದು ಬೇರೆ ರೋಗ. ನಿನ್ನದೇ ಆರ್‌ಎಫ್ (ರೇಡಿಯೋ ತರಂಗ) ಮನೆಗೆ ವಾಪಸ್ ಬರುತ್ತಿದೆ. ಆಂಟೆನಾ ಬಿಚ್ಚಿ ಡಮ್ಮಿ ಲೋಡ್ (ಪವರನ್ನು ಹೊರಗೆ ಬಿಡದೆ ನುಂಗುವ ರೆಸಿಸ್ಟರ್) ಹಾಕಿ ನೋಡು. ತೊಂದರೆ ಮಾಯವಾದರೆ ಅನುಮಾನವೇ ಇಲ್ಲ. ನಿನ್ನ ಆಂಟೆನಾ ಎಂಡ್‌ಫೆಡ್ (ಒಂದೇ ತುದಿಯಿಂದ ಪವರ್ ಕೊಡುವ) ತಂತಿ, ಅದರ ಕೋಯಾಕ್ಸ್ ಕೇಬಲ್ ನೇರ ಟೇಬಲ್ಲಿಗೆ ಇಳಿದಿದೆ. ಆ ಕೋಯಾಕ್ಸಿನ ಹೊರಮೈಯೇ ಆಂಟೆನಾ ಆಗಿ ಕೆಲಸ ಮಾಡುತ್ತದೆ. ಅದನ್ನು ಮಿಕ್ಸ್ 31 ಅನ್ನುವ ವಸ್ತುವಿನ ದೊಡ್ಡ ಫೆರೈಟ್ ಉಂಗುರಕ್ಕೆ ಸುತ್ತಿ ಆರ್‌ಎಫ್ ತಡೆಯುವ ಚೋಕ್ ಮಾಡು. ಯುಎಸ್‌ಬಿ ಕೇಬಲ್ಲಿಗೆ ಕ್ಲಿಪ್ ಫೆರೈಟ್ ಸುಮ್ನೆ ಒಂದು ಸಿಕ್ಕಿಸಿದರೆ ಏನೂ ಆಗುವುದಿಲ್ಲ. ತಡೆಯುವ ಶಕ್ತಿ ಸುತ್ತುಗಳ ವರ್ಗದಂತೆ ಏರುತ್ತದೆ, ಐದು ಸುತ್ತಿಗೆ ಹೆಚ್ಚುಕಡಿಮೆ 25 ಪಟ್ಟು.

ಲೆವೆಲ್ ವಿಷಯ ನಿನಗೆ ಗೊತ್ತೇ ಇದೆ. ಎಎಲ್‌ಸಿ (ಆಡಿಯೋ ಜಾಸ್ತಿಯಾದರೆ ರೇಡಿಯೋ ತಾನೇ ತಗ್ಗಿಸುವುದನ್ನು ತೋರಿಸುವ) ಮುಳ್ಳು ಏಳಬಾರದು. ವಿಂಡೋಸ್‌ನ ಧ್ವನಿ ಎನ್‌ಹಾನ್ಸ್‌ಮೆಂಟ್‌ಗಳನ್ನೆಲ್ಲ ಆಫ್ ಮಾಡು. ಟೋನನ್ನು 1500 ಹರ್ಟ್ಜ್‌ಗಿಂತ ಮೇಲೆ ಇಡು. ಆಗ ಅದರ ಎರಡರಷ್ಟು ಹರ್ಟ್ಜ್‌ನಲ್ಲಿ ಹುಟ್ಟುವ ಕೊಳೆ ರೇಡಿಯೋದ ಫಿಲ್ಟರಿನಲ್ಲೇ ನಿಲ್ಲುತ್ತದೆ.

ಇಷ್ಟು ಹಟ ಯಾಕೆ ಅಂದರೆ, ಎಫ್‌ಟಿ8ನಲ್ಲಿ ನಾವು ಒಬ್ಬೊಬ್ಬರೂ ಬಳಸುವುದು 50 ಹರ್ಟ್ಜ್ ಮಾತ್ರ. ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ 2017ರಲ್ಲಿ ಇದನ್ನು ಕೊಟ್ಟಿದ್ದೇ ಕಿವಿಗೆ ಕೇಳದಷ್ಟು ಸಣ್ಣ ಸಿಗ್ನಲ್ಲುಗಳಿಗೂ ಜಾಗ ಸಿಗಲಿ ಅಂತ. ನಿನ್ನ ಒಂದೊಂದು ಸುಳ್ಳು ಗೆರೆಯ ಕೆಳಗೂ ದೂರದ ಯಾರೋ ಒಬ್ಬರು ಐದು ವ್ಯಾಟ್‌ನಲ್ಲಿ ಕರೆಯುತ್ತಿರಬಹುದು, ಅಲ್ವಾ?

ಭಾನುವಾರ ಮುಂಜಾನೆ 10ಕ್ಕೆ ನಾನು ಕೇಳುತ್ತಿರುತ್ತೇನೆ. ಮೊದಲು ಚಾರ್ಜರ್ ಹಾಕಿ ಕಳಿಸು, ಆಮೇಲೆ ತೆಗೆದು ಕಳಿಸು. ಎರಡರ ವಾಟರ್‌ಫಾಲ್ ಚಿತ್ರವನ್ನೂ ವಾಟ್ಸ್‌ಆ್ಯಪ್‌ಗೆ ಹಾಕುತ್ತೇನೆ. ಮನೆಯಲ್ಲಿ ಎಲ್ಲರಿಗೂ ನಮಸ್ಕಾರ ಹೇಳು.

73 (ಹ್ಯಾಮ್‌ಗಳ ಶುಭಾಶಯ),
ನಿನ್ನ ಗೆಳೆಯ,
ಧಾರವಾಡ