ಮಾರ್ಕು ಕೊಡುವ ಆಟದಲ್ಲಿ ನ್ಯಾಯ ಉಂಟಾ? ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿನ್ನ ಮೆಸೇಜು ಬಂದ ರಾತ್ರಿಯೇ ಓದಿದೆ. ಕೂಡಲೇ ಉತ್ತರ ಬರೆಯಲಿಲ್ಲ. ಅಂಥ ಮಾತಿಗೆ ವಾಟ್ಸಾಪಿನಲ್ಲಿ ಎರಡು ಸಾಲು ಬರೆದರೆ ಸಾಲದು ಅನಿಸಿತು. "ಇನ್ನು ಕಲೋತ್ಸವಕ್ಕೆ ಮಕ್ಕಳನ್ನು ತಯಾರು ಮಾಡುವುದಿಲ್ಲ. ಮಾರ್ಕು ಕೊಡುವ ಆಟದಲ್ಲಿ ನ್ಯಾಯ ಅಂತ ಇಲ್ಲ ಮಾರಾಯ" ಅಂದಿದ್ದೀ. ಉತ್ತರವನ್ನು ಎಲ್ಲರೂ ಓದುವ ಹಾಗೆ ಇಲ್ಲಿ ಹಾಕುತ್ತಿದ್ದೇನೆ. ಇದೇ ಬೇಸರದಲ್ಲಿರುವ ಮಾಷ್ಟ್ರುಗಳು ಕುಂಬಳೆಯಿಂದ ಮುಳ್ಳೇರಿಯದವರೆಗೆ ಬೇಕಾದಷ್ಟು ಜನ ಇದ್ದಾರೆ.

ಯಕ್ಷಗಾನದಲ್ಲಿ ನಿನ್ನ ಅಭಿಮನ್ಯು ವೇಷದ ಹುಡುಗ ಆ ದಿನ ಹೇಗೆ ಕುಣಿದ ಅಂತ ನಾನೂ ನೋಡಿದ್ದೇನೆ. ಚೆಂಡೆಯ ಪೆಟ್ಟಿಗೆ ಸರಿಯಾಗಿ ನೆಲ ಮುಟ್ಟುತ್ತಿದ್ದ. ಒಂದು ಸಲವೂ ಹೆಜ್ಜೆ ಜಾರಲಿಲ್ಲ. ಆದರೂ ಒಬ್ಬ ತೀರ್ಪುಗಾರರಿಗೆ ಅವನು ದಿಗಿಣ ಹಾರುವ, ಅಂದರೆ ಸುತ್ತಿ ಹಾರುವ, ಕ್ರಮ ಸರಿ ಕಾಣಲಿಲ್ಲ. ಸಂಪ್ರದಾಯದ್ದಲ್ಲ ಅಂದರಂತೆ. ಎ ಗ್ರೇಡ್ ಬಂತು, ಒಂದನೇ ಸ್ಥಾನ ಬರಲಿಲ್ಲ, ಜಿಲ್ಲೆಗೆ ಹೋಗುವುದು ತಪ್ಪಿತು. ಮಕ್ಕಳು ಬಣ್ಣ ತೆಗೆಯದೆ ಹಾಗೇ ಕೂತಿದ್ದರು. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ.

ನಿನಗೆ ಇವತ್ತು ಹಿಮದ ನಾಡಿನ ಒಂದು ಆಟದ ವಿಷಯ ಹೇಳಬೇಕು. ಸ್ಕೀ ಜಂಪಿಂಗ್. ನಾನು ಅದನ್ನು ಮೊದಲು ನೋಡಿದ್ದು 2022ರ ಫೆಬ್ರವರಿಯಲ್ಲಿ, ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ನಡೆಯುವಾಗ. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು, ಚಾವಡಿಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದೆ. ಅವತ್ತಿನಿಂದ ಈ ಆಟ ನನ್ನನ್ನು ಬಿಟ್ಟಿಲ್ಲ. ನೂರು ವರ್ಷದಿಂದ ಇದೂ ಮಾರ್ಕು ಕೊಡುವ ಆಟವೇ. ನೀನು ಕೇಳಿದ ಪ್ರಶ್ನೆಯನ್ನೇ ಆ ಆಟ ನೂರು ವರ್ಷದಿಂದ ತನಗೆ ತಾನೇ ಕೇಳಿಕೊಳ್ಳುತ್ತಿದೆ.

ಬೆಟ್ಟದ ಮೇಲೆ ಒಂದು ಎತ್ತರದ ಗೋಪುರ. ತುದಿಯಲ್ಲಿ ಅಡ್ಡಕ್ಕೆ ಒಂದು ಪಟ್ಟಿ, ಆಟಗಾರ ಅದರ ಮೇಲೆ ಕೂತಿರುತ್ತಾನೆ. ಕೋಚ್ ಬಾವುಟ ಬೀಸಿದ ಮೇಲೆ ಪಟ್ಟಿ ಬಿಟ್ಟು ಜಾರುತ್ತಾನೆ. ಕೈಯಲ್ಲಿ ಕೋಲಿಲ್ಲ. ಕಾಲಿಗೆ ಅವನಿಗಿಂತ ಉದ್ದದ ಎರಡು ಸ್ಕೀ. ಕೆಳಗೆ ಬರುವಷ್ಟರಲ್ಲಿ ವೇಗ ಗಂಟೆಗೆ 90 ಕಿಲೋಮೀಟರ್ ಆಸುಪಾಸು. ಚಿಮ್ಮುವ ಜಾಗ ಮೇಲಕ್ಕೆ ಬಾಗಿರುತ್ತದೆ ಅಂತ ನೋಡುವವರು ಅಂದುಕೊಳ್ಳುತ್ತಾರೆ. ಇಲ್ಲ, ಅದೂ ಸುಮಾರು 11 ಡಿಗ್ರಿ ಕೆಳಕ್ಕೇ ಇಳಿಜಾರು. ಅವನನ್ನು ಮೇಲೆತ್ತುವುದು ಅವನ ಕಾಲು ಮಾತ್ರ. ಕಣ್ಣು ಮಿಟುಕಿಸುವಷ್ಟರಲ್ಲಿ ಒದ್ದು ಎದ್ದು, ಮೈಯನ್ನು ಸ್ಕೀಗಳ ಮೇಲೆ ಮುಂದಕ್ಕೆ ಚಾಚಿ ಗಾಳಿಯ ಮೇಲೆ ಮಲಗಬೇಕು. ನೆಲ ಯಾವಾಗಲೂ ಕೆಲವೇ ಮೀಟರ್ ಕೆಳಗೆ, ಬೆಟ್ಟವೂ ಅವನ ಜೊತೆಗೇ ಇಳಿಯುತ್ತಿರುತ್ತದೆ. ನೂರಕ್ಕೂ ಹೆಚ್ಚು ಮೀಟರ್ ಹಾಗೆ ಹೋಗುತ್ತಾನೆ.

ಆಮೇಲೆ ಇಳಿಯುವುದು. ನಿನಗೆ ಇಷ್ಟವಾಗುವುದು ಇದೇ. ಒಂದು ಕಾಲು ಮುಂದೆ, ಒಂದು ಹಿಂದೆ, ಮಂಡಿ ಬಾಗಿ, ಎರಡೂ ಕೈ ಅಗಲಕ್ಕೆ ಚಾಚಿ ಇಳಿಯಬೇಕು. ಅದಕ್ಕೆ ಟೆಲಿಮಾರ್ಕ್ ಅನ್ನುತ್ತಾರೆ, ನಾರ್ವೆಯ ಒಂದು ಸೀಮೆಯ ಹೆಸರು. ಪುಂಡುವೇಷದವರು ಸುತ್ತಿ ಹಾರಿ ಬಂದು, ಗೆಜ್ಜೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲದೆ ರಂಗಸ್ಥಳಕ್ಕೆ ಇಳಿಯುತ್ತಾರಲ್ವಾ, ಹಾಗೇ ಇದು. ಎಷ್ಟು ದೂರ ಹಾರಿದರೂ ಇಳಿಯುವಾಗ ತಡವರಿಸಿದರೆ ಅಂಕ ಹೋಯಿತು.

ಅಂಕದ ಲೆಕ್ಕ ಸ್ವಲ್ಪ ತಾಳ್ಮೆಯಿಂದ ಓದು. ಪ್ರತಿ ಬೆಟ್ಟಕ್ಕೂ ಕೆ-ಪಾಯಿಂಟ್ ಅಂತ ಒಂದು ಗೆರೆ ಉಂಟು. ಆ ಗೆರೆಯಲ್ಲೇ ಇಳಿದರೆ 60 ಅಂಕ. ಲಾರ್ಜ್ ಹಿಲ್, ಅಂದರೆ ದೊಡ್ಡ ಬೆಟ್ಟದ ಸ್ಪರ್ಧೆಯಲ್ಲಿ, ಅದರಾಚೆ ಪ್ರತಿ ಮೀಟರಿಗೆ 1.8 ಅಂಕ ಜಾಸ್ತಿ, ಈಚೆ ಬಿದ್ದರೆ ಅಷ್ಟೇ ಕಡಿಮೆ. ಅದಕ್ಕಿಂತ ಸಣ್ಣ ಬೆಟ್ಟ, ನಾರ್ಮಲ್ ಹಿಲ್, ಆದರೆ ಮೀಟರಿಗೆ 2. ಇದು ದೂರದ್ದು. ಚೆಂದದ ಅಂಕ ಬೇರೆ. ಐದು ಜನ ತೀರ್ಪುಗಾರರು, ಒಬ್ಬೊಬ್ಬರ ಕೈಯಲ್ಲಿ 20. ಐದರಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ತೆಗೆದುಹಾಕುತ್ತಾರೆ, ನಡುವಿನ ಮೂರನ್ನು ಮಾತ್ರ ಕೂಡಿಸುತ್ತಾರೆ. ಕೆ-ಪಾಯಿಂಟ್ 125 ಮೀಟರಿನಲ್ಲಿ ಇದ್ದ ಲಾರ್ಜ್ ಹಿಲ್‌ನಲ್ಲಿ ಒಬ್ಬ 130 ಮೀಟರ್ ಹಾರಿದ ಅಂತ ಇಟ್ಟುಕೋ, ದೂರಕ್ಕೆ 69. ತೀರ್ಪುಗಾರರು 17.5, 18, 18.5, 18.5, 19 ಕೊಟ್ಟರೆ ಎರಡು ತುದಿ ಹಾರಿಸಿ 55. ಒಟ್ಟು 124. ಒಬ್ಬ ತೀರ್ಪುಗಾರನಿಗೆ ಯಾರ ಮೇಲಾದರೂ ಪ್ರೀತಿಯೋ ಮುನಿಸೋ ಇದ್ದರೆ ಅವನ ಅಂಕ ತಾನಾಗಿ ಆಚೆ ಹೋಗುತ್ತದೆ. ನಿಮ್ಮ ವೇದಿಕೆಯ ಮುಂದೆ ಮೂವರ ಬದಲು ಐವರು ಕೂತಿದ್ದರೆ, ಈ ಕ್ರಮ ಇದ್ದಿದ್ದರೆ ಅಂತ ನಾನು ಯೋಚಿಸಿದ್ದು ನಿಜ.

ಹಾಗಂತ ಎಲ್ಲ ಸರಿಹೋಯಿತು ಅಂತ ಹೇಳುತ್ತಿಲ್ಲ. 2006ರ ಟೊರಿನೊ ಒಲಿಂಪಿಕ್ಸಿನ ಲಾರ್ಜ್ ಹಿಲ್‌ನಲ್ಲಿ ಆಸ್ಟ್ರಿಯದ ಇಬ್ಬರು, ಥಾಮಸ್ ಮಾರ್ಗನ್‌ಸ್ಟರ್ನ್ 276.9, ಆಂಡ್ರಿಯಾಸ್ ಕೊಫ್ಲರ್ 276.8. ವ್ಯತ್ಯಾಸ 0.1. ಅಲ್ಲಿ ದೂರ ಅಳೆಯುವುದು ಅರ್ಧರ್ಧ ಮೀಟರಿನ ಲೆಕ್ಕದಲ್ಲಿ, ಅರ್ಧ ಮೀಟರಿಗೆ 0.9 ಅಂಕ. ಅಂದರೆ ಟೇಪಿನಿಂದ ಅಳೆಯಲಾಗದಷ್ಟು ಸಣ್ಣ ಅಂತರದಲ್ಲಿ ಒಬ್ಬನಿಗೆ ಚಿನ್ನ, ಒಬ್ಬನಿಗೆ ಬೆಳ್ಳಿ. ಕೊಫ್ಲರ್‌ಗೆ ನಿದ್ದೆ ಬಂದಿರಲಿಕ್ಕಿಲ್ಲ.

ಇನ್ನು ಆಂಡರ್ಸ್ ಹೌಗನ್‌ನ ವಿಷಯ. ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು 1924ರಲ್ಲಿ, ಫ್ರಾನ್ಸಿನ ಶಮೊನಿಯಲ್ಲಿ. ಹೌಗನ್ ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ಆ ದೇಶದ ಪರವಾಗಿ ಹಾರಿದವನು. ಆ ದಿನದ ಅತಿ ಉದ್ದದ ಹಾರಾಟ, 50 ಮೀಟರ್, ಅವನದ್ದೇ. ಆದರೆ ಚೆಂದದ ಅಂಕದಲ್ಲಿ ಹಿಂದೆ ಬಿದ್ದ. ಮೊದಲ ಮೂರೂ ಸ್ಥಾನ ನಾರ್ವೆಗೆ ಹೋಯಿತು. ಮೂರನೆಯ ಥೋರ್‌ಲೈಫ್ ಹೌಗ್‌ಗೆ 18.000 ಅಂತ ಬರೆದಿದ್ದರು, ಹೌಗನ್‌ಗೆ 17.916. ಹೌಗ್ ಅಂದರೆ ಸಾಮಾನ್ಯದವನಲ್ಲ, ಅದೇ ಕೂಟದಲ್ಲಿ ಮೂರು ಚಿನ್ನ ಗೆದ್ದವನು. ಯಾರಿಗೂ ಸಂಶಯ ಬರಲಿಲ್ಲ.

ಐವತ್ತು ವರ್ಷ ಹಾಗೇ ಹೋಯಿತು. ಹೌಗ್ 1934ರಲ್ಲಿ ತೀರಿಕೊಂಡ. 1974ರಲ್ಲಿ ಹಳೆಯ ಲೆಕ್ಕದಲ್ಲಿ ಕೂಡಿಸುವಾಗ ತಪ್ಪಿದೆ ಅಂತ ಎತ್ತಿ ಹೇಳಿದ್ದು ಯಾರು ಗೊತ್ತಾ? ಥೊರಾಲ್ಫ್ ಸ್ಟ್ರೊಮ್‌ಸ್ಟಾಡ್. ಅವನೂ ನಾರ್ವೆಯವನೇ, 1924ರಲ್ಲಿ ಹೌಗ್‌ನ ಜೊತೆ ಅದೇ ತಂಡದಲ್ಲಿದ್ದವನು. ಸರಿಯಾಗಿ ಕೂಡಿಸಿದರೆ ಹೌಗ್‌ನದ್ದು ಹೌಗನ್‌ಗಿಂತ ಕಡಿಮೆ. ತನ್ನ ದೇಶದ ಪದಕ ಹೋಗುತ್ತದೆ ಅಂತ ಗೊತ್ತಿದ್ದೂ ಹೇಳಿದ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಒಪ್ಪಿಕೊಂಡಿತು. ಆ ಕಂಚಿನ ಪದಕವನ್ನು ಹೌಗನ್‌ನ ಕೈಗೆ ಕೊಟ್ಟವಳು ಹೌಗ್‌ನ ಮಗಳು. ಹೌಗನ್‌ಗೆ ಆಗ 85 ವರ್ಷ.

ಇದನ್ನು ಓದಿದಾಗಲೆಲ್ಲ ನನಗೆ ಆ ಮಗಳ ನೆನಪೇ ಜಾಸ್ತಿ. ತೀರಿಹೋದ ಅಪ್ಪನ ಪದಕ. ಮನೆಯಲ್ಲಿ ಎಲ್ಲೋ ಜೋಪಾನ ಮಾಡಿ ಇಟ್ಟಿದ್ದಿರಬೇಕು. ಕೊಡುವುದಿಲ್ಲ ಅಂದಿದ್ದರೆ ಯಾರೂ ಕಸಿದುಕೊಳ್ಳುತ್ತಿರಲಿಲ್ಲ. ಆದರೂ ಕೊಟ್ಟಳು. ಮಾರ್ಕು ಕೊಡುವ ಆಟ ತಾನಾಗಿಯೇ ನ್ಯಾಯದ್ದಾಗುವುದಿಲ್ಲ ಮಾರಾಯ. ಒಳಗಿದ್ದವರು ಲೆಕ್ಕ ಕೇಳಬೇಕು, ಒಳಗಿದ್ದವರೇ ಒಪ್ಪಿಕೊಳ್ಳಬೇಕು. ನಿನ್ನಂಥವರು ಬಿಟ್ಟು ಹೋದರೆ ಕೇಳುವವರು ಯಾರು? ನನಗೆ ಹೇಳಬೇಕಾದ್ದು ಇಷ್ಟೇ, ಆದರೆ ನಿನ್ನ ಅಭಿಮನ್ಯುವಿಗಾಗಿ ಇನ್ನೊಬ್ಬನ ಕಥೆ ಹೇಳಲೇಬೇಕು.

ಹೆಸರು ಯಾನ್ ಬೊಕ್ಲೋವ್, ಸ್ವೀಡನ್‌ನವನು. 1980ರ ದಶಕದಲ್ಲಿ ಎಲ್ಲರೂ ಎರಡು ಸ್ಕೀಗಳನ್ನು ಜೋಡಿಸಿ ಸಮನಾಗಿ ಹಿಡಿದು ಹಾರುತ್ತಿದ್ದರು. ಅದೇ ಚೆಂದ, ಅದೇ ಕ್ರಮ. ಇವನು ಸ್ಕೀಗಳ ಮುಂದಿನ ತುದಿಗಳನ್ನು ಅಗಲ ಮಾಡಿ, ಹಿಂದೆ ಹತ್ತಿರ ಇಟ್ಟು ಹಾರತೊಡಗಿದ. ಹಾಗೆ ಮಾಡಿದರೆ ಗಾಳಿ ಹೆಚ್ಚು ಜಾಗಕ್ಕೆ ತಾಗುತ್ತದೆ, ಮೈಯನ್ನು ಮೇಲೆ ಹಿಡಿಯುತ್ತದೆ, ದೂರ ಹೋಗುತ್ತಾನೆ. ತೀರ್ಪುಗಾರರಿಗೆ ಹಿಡಿಸಲಿಲ್ಲ. ಪ್ರತಿ ಸಲವೂ ಚೆಂದದ ಅಂಕ ಕಡಿದರು. ಅವನು ಬಿಡಲಿಲ್ಲ. ಅಂಕ ಕಡಿದರೂ ಗೆಲ್ಲುವಷ್ಟು ದೂರ ಹಾರಿದ, 1988-89ರ ವಿಶ್ವಕಪ್ ಒಟ್ಟು ಪಟ್ಟಿಯಲ್ಲಿ ಮೊದಲಿಗನಾದ. ಮೂರೇ ವರ್ಷದ ಮೇಲೆ, 1992ರ ಅಲ್ಬರ್ಟ್‌ವಿಲ್ ಒಲಿಂಪಿಕ್ಸಿನಲ್ಲಿ, ಫಿನ್ಲೆಂಡಿನ 16 ವರ್ಷದ ಹುಡುಗ ಟೋನಿ ನಿಯೆಮಿನೆನ್ ಇದೇ ರೀತಿ ಹಾರಿ ಲಾರ್ಜ್ ಹಿಲ್ ಚಿನ್ನ ಗೆದ್ದ. ಈಗ ಜಗತ್ತಿನಲ್ಲಿ ಎಲ್ಲರೂ ಹಾರುವುದು ಹಾಗೇ.

ಹಳಬರಿಗೆ ಬದಲಾಗಲು ಕಷ್ಟ ಆಯಿತು. ಜರ್ಮನಿಯ ಯೆನ್ಸ್ ವೈಸ್‌ಫ್ಲೋಗ್‌ನ ಬಗ್ಗೆ ನನಗೆ ವಿಶೇಷ ಗೌರವ. 1984ರಲ್ಲಿ ಹಳೆಯ ಕ್ರಮದಲ್ಲಿ ಹಾರಿ ಒಲಿಂಪಿಕ್ ಚಿನ್ನ ಗೆದ್ದಿದ್ದ. ಹತ್ತು ವರ್ಷದ ಮೇಲೆ ಲಿಲ್ಲೆಹ್ಯಾಮರ್‌ನಲ್ಲಿ ಹೊಸ ಕ್ರಮದಲ್ಲಿ ಹಾರಿ ಮತ್ತೆ ಚಿನ್ನ ಗೆದ್ದ. ಮೈಗೆ ಒಗ್ಗಿದ್ದನ್ನು ಬಿಟ್ಟು ಮೊದಲಿಂದ ಕಲಿಯುವುದು ಎಂಥ ಕಷ್ಟ ಅಂತ ಹೆಜ್ಜೆ ಕಲಿಸುವ ನಿನಗೆ ನಾನು ಹೇಳಬೇಕಾಗಿಲ್ಲ.

ಗಾಳಿಯದ್ದೂ ಒಂದು ತಕರಾರು ಇತ್ತು. ಎದುರುಗಾಳಿ ಬಂದರೆ ಹಾರುವವನನ್ನು ಎತ್ತಿ ಹಿಡಿಯುತ್ತದೆ, ಬೆನ್ನಿನ ಗಾಳಿ ಕೆಳಗೆ ಒತ್ತುತ್ತದೆ. ಒಬ್ಬನ ಸರದಿಯಲ್ಲಿ ಒಂದು, ಇನ್ನೊಬ್ಬನ ಸರದಿಯಲ್ಲಿ ಮತ್ತೊಂದು. ಅದೃಷ್ಟ ಅಂತ ಬಿಟ್ಟುಬಿಡಬಹುದಿತ್ತು. 2009ರಿಂದ ಗಾಳಿಯನ್ನೂ ಅಳೆದು ಅಂಕ ಕೂಡಿಸಿ ಕಳೆಯುವ ಲೆಕ್ಕ ತಂದರು. ಇದರಿಂದ ಆಟ ನೋಡುವವರಿಗೆ ಗೊಂದಲ ಅಂತ ಹಲವರು ಬೈಯುತ್ತಾರೆ. ನನಗೆ ಇದು ಸರಿ ಅನಿಸುತ್ತದೆ.

ಈಗ ನನಗೆ ನೋವಾದ ವಿಷಯ. 2022ರಲ್ಲಿ ನಾನು ನೋಡಿದ ಆ ಲಾರ್ಜ್ ಹಿಲ್ ಸ್ಪರ್ಧೆಯಲ್ಲಿ ಜಪಾನಿನ ರ್‍ಯೋಯು ಕೊಬಯಾಶಿ ಮೊದಲ ಸುತ್ತಿನಲ್ಲಿ 142 ಮೀಟರ್ ಹಾರಿ ಮುಂದಿದ್ದ. ನಾರ್ಮಲ್ ಹಿಲ್ ಚಿನ್ನ ಆಗಲೇ ಅವನ ಕೈಯಲ್ಲಿತ್ತು. ಎರಡನೇ ಸುತ್ತಿಗೆ ಬರುವುದು 30 ಜನ, ಹಿಂದಿದ್ದವರು ಮೊದಲು, ಮುಂದಿದ್ದವನು ಕೊನೆಗೆ. ನಾರ್ವೆಯ ಮಾರಿಯಸ್ ಲಿಂಡ್ವಿಕ್ ಅವನಿಗಿಂತ ಮೊದಲು ಹಾರಿ ಎಷ್ಟು ಚೆಂದ ಇಳಿದ ಅಂದರೆ ನಾನು ಕೂತಲ್ಲಿಂದ ಎದ್ದು ನಿಂತೆ. ಕೊಬಯಾಶಿಗೆ ಅದನ್ನು ದಾಟಲು ಆಗಲಿಲ್ಲ. 3.3 ಅಂಕದಲ್ಲಿ ಚಿನ್ನ ಲಿಂಡ್ವಿಕ್‌ಗೆ. ಈ ಸ್ಪರ್ಧೆಯ ಚಿನ್ನ ನಾರ್ವೆಗೆ 1964ರ ನಂತರ ಸಿಕ್ಕಿರಲಿಲ್ಲ. ಅವತ್ತಿನಿಂದ ಅವನು ನನ್ನ ಆಟಗಾರ.

2025ರ ಮಾರ್ಚಿನಲ್ಲಿ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಇವರು ತೊಡುವ ಬಟ್ಟೆಗೆ ಬಿಗಿ ನಿಯಮ ಉಂಟು. ಬಟ್ಟೆ ಸ್ವಲ್ಪ ಅಗಲವಾದರೂ ಗಾಳಿ ಹಿಡಿದು ಹೆಚ್ಚು ದೂರ ಒಯ್ಯುತ್ತದೆ. ನಾರ್ವೆ ತಂಡದವರು ತಪಾಸಣೆಯಾದ ಬಟ್ಟೆಯೊಳಗೆ ಗಟ್ಟಿ ದಾರ ಸೇರಿಸಿ ಹೊಲಿಸಿದ್ದರು. ಹೊಲಿಯುವುದನ್ನು ಯಾರೋ ಗುಟ್ಟಾಗಿ ವಿಡಿಯೊ ಮಾಡಿ ಹೊರಗೆ ಹಾಕಿದರು. ಲಾರ್ಜ್ ಹಿಲ್‌ನಲ್ಲಿ ಎರಡನೆಯವನಾಗಿದ್ದ ಲಿಂಡ್ವಿಕ್‌ನನ್ನು ಪಟ್ಟಿಯಿಂದ ತೆಗೆದರು. ಜೊತೆಗಾರ ಯೋಹಾನ್ ಆಂಡ್ರೆ ಫೋರ್‌ಫಾಂಗ್‌ನನ್ನೂ ತೆಗೆದರು. ಆಮೇಲೆ ಇಬ್ಬರಿಗೂ ಮೂರು ತಿಂಗಳ ನಿಷೇಧ. ತಮಗೆ ಗೊತ್ತಿರಲಿಲ್ಲ ಅಂತ ಅವರು ಹೇಳಿದರು. ಒಂದು ವಾರ ನನಗೆ ಆ ಆಟದ ಸುದ್ದಿಯೇ ಬೇಡ ಅನಿಸಿತ್ತು. ಬಿಟ್ಟುಬಿಡುತ್ತೇನೆ ಅಂತ ನೀನು ಬರೆದಾಗ ನನಗೆ ನೆನಪಾದದ್ದು ಆ ವಾರವೇ. ಆದರೆ ಹಿಡಿದದ್ದೂ ಆಟದವರೇ, ಶಿಕ್ಷೆ ಕೊಟ್ಟದ್ದೂ ಅವರೇ, ಬಟ್ಟೆಯ ನಿಯಮ ಇನ್ನೂ ಬಿಗಿ ಮಾಡಿದವರೂ ಅವರೇ. ಆಟ ನಡೆಯುವ ದೇಶದವರು, ಗೆದ್ದ ಆಟಗಾರ ಅಂತ ಮುಲಾಜು ನೋಡಲಿಲ್ಲ. ಅದಕ್ಕೇ ನಾನು ಮತ್ತೆ ನೋಡುತ್ತೇನೆ.

ಈಗ ಕೆಲಸದ ಮಾತು. ಮುಂದಿನ ವರ್ಷ ಮಕ್ಕಳನ್ನು ತಯಾರು ಮಾಡುತ್ತೀಯಾ ಇಲ್ಲವಾ ಅಂತ ಈಗಲೇ ತೀರ್ಮಾನ ಮಾಡಬೇಡ. ಅದಕ್ಕೆ ಮೊದಲು ಒಂದು ಆದಿತ್ಯವಾರ ಶಾಲೆಯ ಪ್ರೊಜೆಕ್ಟರ್ ತೆಗೆದಿಡು, ನಾನು ಬರುತ್ತೇನೆ. ಮಕ್ಕಳಿಗೆ ಮೊದಲು ಬೊಕ್ಲೋವ್‌ನನ್ನು ತೋರಿಸೋಣ. ಮಾರ್ಕು ಎಷ್ಟು ಕಡಿದರು ಅಂತ ಆಮೇಲೆ ಹೇಳೋಣ, ಮೊದಲೇ ಬೇಡ. ಆಮೇಲೆ 1998ರ ನಗಾನೊ ಒಲಿಂಪಿಕ್ಸಿನ ಲಾರ್ಜ್ ಹಿಲ್. ಅಲ್ಲಿ ಮಸಾಹಿಕೊ ಹರಾಡಾ ಅಂತ ಒಬ್ಬ ಉಂಟು, ನಾಲ್ಕು ವರ್ಷ ಮೊದಲು ಕೊನೆಯ ಹಾರಾಟದಲ್ಲಿ ಸೋತು ಇಡೀ ತಂಡದ ಚಿನ್ನ ಕಳೆದಿದ್ದವನು. ಊರಿನವರ ಮುಂದೆ ಎರಡನೇ ಸುತ್ತಿನಲ್ಲಿ 136 ಮೀಟರ್ ಹಾರಿದ. ಅಳೆಯುವ ಯಂತ್ರದ ಮಿತಿಯನ್ನೇ ದಾಟಿ ಹೋಗಿದ್ದ, ದೂರ ಬೋರ್ಡಿನಲ್ಲಿ ಬರಲೇ ಇಲ್ಲ. ಮನುಷ್ಯರೇ ಅಳೆದು ಹೇಳುವವರೆಗೆ ಎಲ್ಲರೂ ಕಾಯಬೇಕಾಯಿತು. ಅವನಿಗೆ ಕಂಚು ಬಂತು, ಚಿನ್ನ ಅವನದೇ ತಂಡದ ಕಝುಯೊಶಿ ಫುನಾಕಿಗೆ.

ಫುನಾಕಿ ಇಳಿಯುವುದನ್ನು ನಿಧಾನ ಮಾಡಿ ತೋರಿಸು. ನಿನ್ನ ಅಭಿಮನ್ಯುವನ್ನು ಮುಂದಿನ ಬೆಂಚಿನಲ್ಲಿ ಕೂರಿಸು, ಅವನು ಏನು ಹೇಳುತ್ತಾನೆ ಅಂತ ನನಗೂ ಕೇಳಬೇಕು. ಯಾವ ಆದಿತ್ಯವಾರ ಅಂತ ಫೋನ್ ಮಾಡು.

ನಿನ್ನ ಗೆಳೆಯ