ಪಿಕಪ್‌ನ ಹಿಂದಿನ ಬ್ಲೇಡ್ ಕೆಲಸದ ಬಗ್ಗೆ ದೂರು

ಇಂದ
ಟೊಮೆಟೊ ಸಾಗಿಸುವ ಪಿಕಪ್ ಮಾಲೀಕ,
ವೇಮಗಲ್ ಹೋಬಳಿ, ಕೋಲಾರ ತಾಲ್ಲೂಕು

ಇವರಿಗೆ
ಮಾಲೀಕರು,
ಬ್ಲೇಡ್ ಮತ್ತು ಸಸ್ಪೆನ್ಷನ್ ವರ್ಕ್‌ಶಾಪ್, ಕೋಲಾರ

ವಿಷಯ: ಗಾಡಿಯ ಹಿಂಭಾಗಕ್ಕೆ ಹೆಚ್ಚುವರಿ ಬ್ಲೇಡ್ (ಲೋಡ್ ಹೊರುವ ಸ್ಪ್ರಿಂಗ್ ಪಟ್ಟಿ) ಹಾಕುವಾಗ ಬ್ರೇಕ್ ವಾಲ್ವ್ ಸೆಟ್ ಮಾಡದೆ, ಬ್ಲೇಡ್ ಕಟ್ಟನ್ನು ಆಕ್ಸಲ್‌ಗೆ ಹಿಡಿದಿಡುವ ಹಳೇ ಯು-ಬೋಲ್ಟನ್ನೇ ಬಿಗಿದು ಕೊಟ್ಟಿರುವುದು.

ಮಾನ್ಯರೇ,

ಕಳೆದ ತಿಂಗಳು ನಿಮ್ಮಲ್ಲಿ ನನ್ನ ಪಿಕಪ್‌ಗೆ ಹಿಂದೆ ಎರಡೂ ಕಡೆ ಎರಡೆರಡು ಬ್ಲೇಡ್ ಹಾಕಿಸಿದೆ. ₹14,500 ತೆಗೆದುಕೊಂಡಿರಿ. ಆ ಕೆಲಸ ಆದ ಮೇಲೆ ಗಾಡಿ ಓಡಿಸುವುದಕ್ಕೇ ಭಯವಾಗುತ್ತಿದೆ. ಫೋನಿನಲ್ಲಿ ಹೇಳಿದರೆ "ನೋಡೋಣ ಬನ್ನಿ" ಅಂತ ಇಟ್ಟುಬಿಡುತ್ತೀರಿ. ಅದಕ್ಕೇ ಬರೆದು ಕೊಡುತ್ತಿದ್ದೇನೆ.

ನಾನು ಬಂದಿದ್ದು ಮಿತಿ ಮೀರಿ ಲೋಡ್ ಹಾಕುವುದಕ್ಕಲ್ಲ. ಆರ್‌ಸಿ ಪ್ರಕಾರ ನನ್ನ ಗಾಡಿಗೆ 1,500 ಕೆ.ಜಿ. ಹಾಕಬಹುದು. ಟೊಮೆಟೊ ಬಾಕ್ಸ್ ಅಂದರೆ 15 ಕೆ.ಜಿ. ಹಣ್ಣು, ಕ್ರೇಟಿನ ತೂಕ ಬೇರೆ. 80 ಬಾಕ್ಸ್ ಹಾಕಿದರೂ ಮಿತಿಯೊಳಗೇ ಇರುತ್ತದೆ. ಆದರೆ ಹಳೇ ಬ್ಲೇಡುಗಳು ಬಾಗು ಕಳೆದುಕೊಂಡು ಚಪ್ಪಟೆಯಾಗಿದ್ದವು. ಅಷ್ಟು ಲೋಡಿಗೇ ಹಿಂಭಾಗ ಕೂತುಬಿಡುತ್ತಿತ್ತು. ತೋಟದ ಮಣ್ಣು ದಾರಿಯ ಗುಂಡಿಗೆ ಇಳಿದರೆ ಆಕ್ಸಲ್ ಮೇಲೆದ್ದು ಚಾಸಿಯ ಕೆಳಗಿನ ಬಂಪ್ ರಬ್ಬರಿಗೆ ಬಡಿಯುತ್ತಿತ್ತು. ಕೆಳಗಿನ ಸಾಲಿನ ಹಣ್ಣು ಒಡೆದರೆ ಕೋಲಾರ ಎಪಿಎಂಸಿಯಲ್ಲಿ ಹರಾಜಿನ ಹೊತ್ತಿಗೆ ರೇಟು ಬೀಳುತ್ತದೆ, ನಷ್ಟ ರೈತನಿಗೆ. "ಲೋಡ್ ಹಾಕಿದಾಗ ಗಾಡಿ ಮಟ್ಟವಾಗಿ ನಿಂತರೆ ಸಾಕು" ಅಂತ ನಿಮ್ಮ ಮೇಸ್ತ್ರಿಗೆ ಬಿಡಿಸಿ ಹೇಳಿದ್ದೆ.

ದೊಡ್ಡ ತಪ್ಪು ಆಗಿರುವುದು ಬ್ರೇಕಿನ ವಿಷಯದಲ್ಲಿ. ಈ ಗಾಡಿಯಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವೆ ಲೋಡ್ ಸೆನ್ಸಿಂಗ್ ವಾಲ್ವ್ ಇದೆ. ಹಿಂಭಾಗ ಎಷ್ಟು ಇಳಿದಿದೆ ಅನ್ನುವುದನ್ನು ನೋಡಿ ಅದು ಹಿಂದಿನ ಬ್ರೇಕಿಗೆ ಒತ್ತಡ ಬಿಡುತ್ತದೆ. ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಜಾರಬಾರದು ಅಂತ ಕಡಿಮೆ ಬಿಡುತ್ತದೆ. ಲೋಡ್ ಬಿದ್ದು ಹಿಂಭಾಗ ಇಳಿದರೆ ಜಾಸ್ತಿ ಬಿಡುತ್ತದೆ. ನೀವು ಬ್ಲೇಡ್ ಹಾಕಿ ಹಿಂಭಾಗ ಎತ್ತರಿಸಿದಿರಿ, ವಾಲ್ವಿನ ರಾಡ್ ಮುಟ್ಟಲೇ ಇಲ್ಲ. ಈಗ ತುಂಬಿದ ಗಾಡಿಯೂ ಆ ವಾಲ್ವಿನ ಲೆಕ್ಕಕ್ಕೆ ಖಾಲಿ ಗಾಡಿಯೇ. ಹಿಂದಿನ ಬ್ರೇಕ್ ಅರ್ಧಂಬರ್ಧ ಹಿಡಿಯುತ್ತದೆ, ನಿಲ್ಲಿಸುವ ಕೆಲಸವೆಲ್ಲ ಮುಂದಿನ ಬ್ರೇಕಿಗೇ ಬೀಳುತ್ತದೆ.

ಮುಳಬಾಗಿಲು, ನಂಗಲಿ, ಪಲಮನೇರು ದಾಟಿ ಚಿತ್ತೂರಿಗೆ ಹೋಗುವವರು ಮೊಗಿಲಿ ಘಾಟ್ ಇಳಿಯಬೇಕು. ಆ ಇಳಿಜಾರಿನಲ್ಲಿ ಎಂಥೆಂಥ ಅಪಘಾತಗಳಾಗಿವೆ ಅಂತ ಕೋಲಾರದ ಡ್ರೈವರುಗಳಿಗೆ ಹೇಳಿಕೊಡಬೇಕಾಗಿಲ್ಲ. ನನ್ನ ಮಗ ಲೋಡ್ ಹಾಕಿಕೊಂಡು ಅಲ್ಲಿಗೆ ಹೋಗಿದ್ದ. ಪೆಡಲ್ ಒತ್ತಿದರೆ ಮೂತಿ ಬಗ್ಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ, ಎರಡನೇ ಗೇರಿನಲ್ಲೇ ಇಳಿಸಿದೆ ಅಂದ. ಜೊತೆಗೆ ಪಕ್ಕದ ಮನೆಯ ಹುಡುಗ ಕ್ಲೀನರ್ ಆಗಿ ಹೋಗಿದ್ದ. ಅವರಿಬ್ಬರಿಗೆ ಏನಾದರೂ ಆಗಿದ್ದರೆ ನೀವು ಏನು ಹೇಳುತ್ತಿದ್ದಿರಿ?

ವಾಪಸ್ ಬರುವಾಗ ಗಾಡಿ ನೇರ ರಸ್ತೆಯಲ್ಲೂ ಓರೆಯಾಗಿ ಹೋಗತೊಡಗಿತು. ಮುಳಬಾಗಿಲಿನಲ್ಲಿ ಬೇರೆ ಮೇಸ್ತ್ರಿ ಬಿಚ್ಚಿ ನೋಡಿದಾಗ ಎಡಗಡೆ ಬ್ಲೇಡುಗಳನ್ನು ನಡುವೆ ಪೋಣಿಸುವ ಸೆಂಟರ್ ಬೋಲ್ಟ್ ತುಂಡಾಗಿತ್ತು, ಆಕ್ಸಲ್ ಜಾಗ ಬಿಟ್ಟು ಸರಿದಿತ್ತು. ಕಾರಣ ಯು-ಬೋಲ್ಟ್. ಬ್ಲೇಡ್ ಕಟ್ಟು ದಪ್ಪವಾದರೆ ಉದ್ದದ ಹೊಸ ಯು-ಬೋಲ್ಟ್ ಹಾಕಬೇಕು ಅಲ್ವಾ? ಒಮ್ಮೆ ಬಿಗಿದು ಎಳೆದ ಬೋಲ್ಟ್ ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ನೀವು ಹಳೇದನ್ನೇ ಹಾಕಿದ್ದೀರಿ. ನಟ್ಟಿನೊಳಗೆ ಥ್ರೆಡ್ ಕೂಡ ಪೂರ್ತಿ ಕೂತಿಲ್ಲ. ಲೋಡಿನಲ್ಲಿ ಸ್ವಲ್ಪ ದೂರ ಓಡಿಸಿ ಬಂದು ಮತ್ತೆ ಬಿಗಿಸಿಕೊಳ್ಳಿ ಅಂತ ಒಂದು ಮಾತೂ ಹೇಳಲಿಲ್ಲ.

ಇನ್ನು ಬ್ಲೇಡ್. ಹೊಸದು ಅಂತ ದುಡ್ಡು ತೆಗೆದುಕೊಂಡು, ದೊಡ್ಡ ಗಾಡಿಯ ಹಳೇ ಬ್ಲೇಡ್ ಕತ್ತರಿಸಿ ಹಾಕಿದ್ದೀರಿ. ಅದರ ಬಾಗು ನಮ್ಮ ಕಟ್ಟಿಗೆ ಕೂರುವುದೇ ಇಲ್ಲ, ನಡುವೆ ಸಂದು ಕಾಣುತ್ತದೆ. ಖಾಲಿ ಕ್ರೇಟ್ ತರುವಾಗ ಗಾಡಿ ಎಗರಿ ಬೀಳುತ್ತದೆ. ಖಾಲಿ ಇದ್ದಾಗ ಮುಟ್ಟದೆ, ಲೋಡ್ ಬಿದ್ದ ಮೇಲೆ ಮಾತ್ರ ಆನಿಕೊಳ್ಳುವ ಹೆಲ್ಪರ್ ಬ್ಲೇಡ್ ಹಾಕಿದ್ದರೆ ಸಾಕಿತ್ತು.

ನನಗೆ ಇನ್ನೂ ಸಿಟ್ಟು ಬಂದಿರುವುದು ಬೇರೆ ಮಾತಿಗೆ. "ಇನ್ನು ಎರಡೂವರೆ ಟನ್ ಹಾಕು, ಏನೂ ಆಗಲ್ಲ" ಅಂತ ನಿಮ್ಮ ಮೇಸ್ತ್ರಿ ನನ್ನ ಮಗನಿಗೆ ಹೇಳಿ ಕಳಿಸಿದ್ದಾರೆ. ಬ್ಲೇಡ್ ಹಾಕಿದರೆ ಗಾಡಿ ಕೂರುವುದಿಲ್ಲ, ಅಷ್ಟೇ. ಆಕ್ಸಲ್, ಬೇರಿಂಗ್, ಟೈರ್, ಬ್ರೇಕ್, ಚಾಸಿ ಎಲ್ಲ ಮೊದಲಿನವೇ. ಆರ್‌ಸಿಯಲ್ಲಿರುವ ತೂಕವೂ ಬದಲಾಗುವುದಿಲ್ಲ. ಓವರ್‌ಲೋಡ್ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನ ದಂಡ ಕಟ್ಟುವವರು ನಾವು. ಟೊಮೆಟೊ ಸುಗ್ಗಿಯಲ್ಲಿ ಸಾಲ ತೀರಿಸುವ ಆತುರದಲ್ಲಿರುವ ಹುಡುಗರು ಇಂಥ ಮಾತು ನಂಬುತ್ತಾರೆ. ದಯವಿಟ್ಟು ಯಾರಿಗೂ ಹಾಗೆ ಹೇಳಬೇಡಿ.

ನೀವು ತೆಗೆದುಕೊಂಡ ₹14,500 ಮತ್ತು ಮುಳಬಾಗಿಲಿನಲ್ಲಿ ಕೊಟ್ಟ ₹2,300 ವಾಪಸ್ ಕೊಡಿ. ಇಲ್ಲವೇ ಆ ಬ್ಲೇಡ್ ತೆಗೆದು, ನಮ್ಮ ಗಾಡಿಗೇ ಹೊಂದುವ ಹೊಸ ಸೆಟ್, ಹೊಸ ಯು-ಬೋಲ್ಟ್ ಹಾಕಿ, ಲೋಡ್ ಸೆನ್ಸಿಂಗ್ ವಾಲ್ವ್ ಸೆಟ್ ಮಾಡಿ, ನನ್ನ ಎದುರಿಗೇ ಲೋಡ್ ಹಾಕಿ ಬ್ರೇಕ್ ನೋಡಿ ಕೊಡಿ. ಹಾಗೆ ಮಾಡಿದರೂ ಮುಳಬಾಗಿಲಿನ ಖರ್ಚು ನಿಮ್ಮದೇ. ಎರಡರಲ್ಲಿ ಯಾವುದಾದರೂ ಸರಿ, ಬಿಲ್ ಮಾತ್ರ ಬೇಕು. ಹೋದ ಸಲ ಕೇಳಿದರೆ ಸುಮ್ನೆ ಒಂದು ಚೀಟಿ ಕೊಟ್ಟಿರಿ. ಬಿಲ್ ಕೊಡದಿರುವುದೂ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಅನುಚಿತ ವ್ಯಾಪಾರವೇ.

15 ದಿನದೊಳಗೆ ಉತ್ತರ ಬರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ಯುಪಿಐ ದಾಖಲೆ, ಮುಳಬಾಗಿಲಿನ ಬಿಲ್ಲು, ಬೋಲ್ಟ್ ಮತ್ತು ಬ್ಲೇಡಿನ ಫೋಟೊ ಲಗತ್ತಿಸಿದ್ದೇನೆ. ತುಂಡಾದ ಸೆಂಟರ್ ಬೋಲ್ಟ್ ನನ್ನ ಬಳಿಯೇ ಇದೆ, ಬಂದು ನೋಡಬಹುದು.

ಇಂತಿ,
ಪಿಕಪ್ ಮಾಲೀಕ