ನೆಲಕ್ಕೆ ಆ ಹೊಳೆಯುವ ಟೈಲ್ಸ್ ಬೇಡ ಅಣ್ಣ

ಪ್ರೀತಿಯ ಅಣ್ಣ,

ನಾವಿಲ್ಲಿ ಚೆನ್ನಾಗಿದ್ದೇವೆ. ಅತ್ತಿಗೆಯನ್ನೂ ಪುಟ್ಟನನ್ನೂ ಕೇಳಿದೆ ಅಂತ ಹೇಳು.

ನಿನ್ನ ಪತ್ರ ಬಂದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಅಮ್ಮ ಬಚ್ಚಲಲ್ಲಿ ಜಾರಿದ್ದನ್ನು ಒಂದೇ ಸಾಲಲ್ಲಿ ಮುಗಿಸಿ, ಮುಂದಿನ ಸಾಲಿಗೇ ಟೈಲ್ಸ್ ಬಣ್ಣದ ವಿಷಯಕ್ಕೆ ಹೋಗಿಬಿಟ್ಟಿದ್ದೀಯ. ಜಾರುವಾಗ ಟವೆಲ್ ರಾಡ್ ಹಿಡಿದುಕೊಂಡಳು, ಅದು ಗೋಡೆಯಿಂದ ಕಿತ್ತು ಬಂತು, ಮಣಿಕಟ್ಟು ಸ್ವಲ್ಪ ಊದಿದೆ, ಮುಲಾಮು ಹಚ್ಚಿದ್ದೇವೆ ಅಂತ ಬರೆದಿದ್ದೀಯ. ಮುಲಾಮು ಇರಲಿ, ಮೊದಲು ಎಕ್ಸ್‌ರೇ ತೆಗೆಸು. ಅಮ್ಮ ಏನೂ ಆಗಿಲ್ಲ ಅಂದರೆ ನಂಬಬೇಡ, ಅವಳು ಯಾವತ್ತು ನೋವು ಅಂದಿದ್ದಾಳೆ?

ಬಚ್ಚಲು ಹೇಗೂ ಒಡೆಸುತ್ತಿದ್ದೀಯ, ಒಳ್ಳೆಯದೇ ಆಯಿತು. ಅತ್ತಿಗೆ ಕಳಿಸಿದ ಫೋಟೋ ನೋಡಿದೆ. ಆ ಬಿಳಿ ಹೊಳೆಯುವ ಟೈಲ್ಸ್ ನಿಜವಾಗಿಯೂ ಚೆನ್ನಾಗಿದೆ. ಗೋಡೆಗೆ ಅದನ್ನೇ ಹಾಕಿಸು. ಆದರೆ ನೆಲಕ್ಕೆ ಬೇಡ ಅಣ್ಣ. ಸೋಪಿನ ನೀರು ಬಿದ್ದರೆ ಅದರ ಮೇಲೆ ನೀನೇ ಜಾರುತ್ತೀಯ, ಇನ್ನು ಅಮ್ಮ ಅಪ್ಪನ ಪಾಡೇನು? ನೆಲಕ್ಕೆ ಹೊಳಪಿಲ್ಲದ, ಸ್ವಲ್ಪ ತರಿತರಿಯಾದ ಪೋರ್ಸಲೇನ್ ಟೈಲ್ಸ್ ತೆಗೆದುಕೋ. ಸ್ನಾನ ಮಾಡುವ ಜಾಗದಲ್ಲಿ ಎರಡಿಂಚಿನ ಸಣ್ಣ ಬಿಲ್ಲೆಗಳಾದರೆ ಇನ್ನೂ ಒಳ್ಳೆಯದು, ಸಂದು ಜಾಸ್ತಿ ಇದ್ದಷ್ಟೂ ಕಾಲಿಗೆ ಹಿಡಿತ ಸಿಗುತ್ತದೆ. ಕೊಳ್ಳುವ ಮೊದಲು ಒಂದು ಟೈಲ್ ಮೇಲೆ ಸೋಪಿನ ನೀರು ಸುರಿದು ಬರಿಗಾಲಲ್ಲಿ ಉಜ್ಜಿ ನೋಡು, ನಾಚಿಕೆ ಪಡಬೇಡ. ನೆಲ ಮತ್ತು ಗೋಡೆ ಒಂದೇ ಬಣ್ಣ ಆಗುವುದೂ ಬೇಡ. ಅಪ್ಪನ ಕಣ್ಣಿಗೆ ನೆಲ ಎಲ್ಲಿ ಮುಗಿಯಿತು ಅಂತ ಕಾಣಬೇಕು.

ನಾನು ಸುಮ್ನೆ ಹೇಳುತ್ತಿಲ್ಲ, ನಮ್ಮ ಮನೆಯಲ್ಲೂ ಈಗಷ್ಟೇ ಈ ಕೆಲಸ ಮುಗಿದಿದೆ. ಅಮ್ಮ ಬಂದಿದ್ದಾಗ ನೆನಪಿದೆಯಾ, ಇಲ್ಲಿ ಅಮೆರಿಕದ ಎಷ್ಟೋ ಮನೆಗಳಲ್ಲಿ ಸ್ನಾನಕ್ಕೆ ಮೊಣಕಾಲೆತ್ತರದ ತೊಟ್ಟಿಯ ಅಂಚು ದಾಟಿ ಒಳಗೆ ಇಳಿಯಬೇಕು. ತೊಟ್ಟಿಯ ಹೊರಗೆ ನೆಲದಲ್ಲಿ ನೀರು ಹೋಗಲು ಒಂದು ತೂತೂ ಇರುವುದಿಲ್ಲ. ಇವರು ಬಚ್ಚಲು ಹೇಗಪ್ಪಾ ತೊಳೆಯುತ್ತಾರೆ ಅಂತ ಅಮ್ಮ ದಿನಾ ಕೇಳುತ್ತಿದ್ದಳು. ನಾನು ದಿನಾ ಅವಳ ಕೈ ಹಿಡಿದು ದಾಟಿಸುತ್ತಿದ್ದೆ. ಆ ತೊಟ್ಟಿಯನ್ನೇ ಈಗ ಕೀಳಿಸಿದೆವು. ನೆಲ ಎಲ್ಲಾ ಒಂದೇ ಸಮ, ಅಡ್ಡ ಕಟ್ಟೆ ಇಲ್ಲ, ಇಳಿಜಾರು ಮಾತ್ರ. ಮೊದಲ ಸಲ ಕೆಲಸದವರು ಇಳಿಜಾರು ಸರಿಯಾಗಿ ಕೊಡದೆ ಮೂಲೆಯಲ್ಲಿ ನೀರು ನಿಂತಿತು, ಒಡೆಸಿ ಮತ್ತೆ ಮಾಡಿಸಿದೆ. ಈಗ ಎಷ್ಟು ಚೆನ್ನಾಗಿದೆ ಗೊತ್ತಾ, ಪಕ್ಕದ ಮನೆಯವರು ಬಂದು ನೋಡಿ ಹೋದರು. ವಯಸ್ಸಾದವರಿಗಾಗಿ ಮಾಡಿಸಿದ್ದು ಅಂತ ಯಾರಿಗೂ ಅನ್ನಿಸಲಿಲ್ಲ.

ಅದಕ್ಕೇ ಹೇಳುತ್ತೇನೆ, ನೆಲಕ್ಕೆ ಒಂದು ಅಡಿ ಉದ್ದಕ್ಕೆ ಕಾಲು ಇಂಚಿನಷ್ಟು ಇಳಿಜಾರು ಇರಲಿ. ಬಾಗಿಲ ಬಳಿ ಈಗಿರುವ ಆ ಎತ್ತರದ ಕಟ್ಟೆ ತೆಗೆಸಿ, ಅಲ್ಲಿ ಉದ್ದಕ್ಕೆ ನೀರು ಇಳಿದುಹೋಗುವ ಜಾಲರಿ ಹಾಕಿಸು, ನೀರು ಹೊರಗೆ ಬರುವುದಿಲ್ಲ. ಇನ್ನೊಂದು ವಿಷಯ. ಟೈಲ್ಸ್ ನೀರು ತಡೆಯುತ್ತದೆ ಅಂದುಕೊಳ್ಳಬೇಡ. ಸಂದುಗಳಿಂದ ನೀರು ಇಳಿದೇ ಇಳಿಯುತ್ತದೆ, ತಡೆಯಬೇಕಾದ್ದು ಅದರ ಕೆಳಗಿನ ವಾಟರ್‌ಪ್ರೂಫಿಂಗ್ ಪದರ. ಅದು ಒಣಗಿದ ಮೇಲೆ ಜಾಲರಿಯ ಬಾಯಿ ಮುಚ್ಚಿ, ನೀರು ತುಂಬಿಸಿ, 24 ಗಂಟೆ ಬಿಟ್ಟು ನೋಡು. ನೀರಿನ ಮಟ್ಟ ಇಳಿದಿಲ್ಲ, ಕೆಳಗೆ ಎಲ್ಲೂ ತೇವ ಇಲ್ಲ ಅಂದರೆ ಮಾತ್ರ ಟೈಲ್ಸ್. ಮೇಸ್ತ್ರಿ ಒಂದು ದಿನ ಹಾಳು ಅಂತ ಗೊಣಗಿದರೂ ಬಿಡಬೇಡ.

ಏಳುವಾಗ, ನಡೆಯುವಾಗ ಹಿಡಿದುಕೊಳ್ಳಲು ಗೋಡೆಗೆ ಹಿಡಿಕೆಗಳನ್ನು ಈಗಲೇ ಹಾಕಿಸು. ಅಪ್ಪ ಇದೇನು ಆಸ್ಪತ್ರೆಯಾ ಅಂತಾರೆ, ನನಗೆ ಗೊತ್ತು. ನಲ್ಲಿಗೆ ಹೊಂದುವ ಬಣ್ಣದ್ದೇ ಸಿಗುತ್ತದೆ ಅಂತ ಹೇಳು. ಇಲ್ಲಿ ಸಾರ್ವಜನಿಕ ಕಟ್ಟಡಗಳಿಗೆ, ಅಂಗವಿಕಲರ ಅನುಕೂಲಕ್ಕೆ ಅಂತ ಮಾಡಿದ 2010ರ ನಿಯಮದಲ್ಲಿ ಅಳತೆ ಕೊಟ್ಟಿದ್ದಾರೆ. ಹಿಡಿಕೆ ನೆಲದಿಂದ 33ರಿಂದ 36 ಇಂಚು ಎತ್ತರ, 250 ಪೌಂಡ್, ಅಂದರೆ ಸುಮಾರು 113 ಕಿಲೋ ಭಾರ ತಡೆಯಬೇಕು. ಕಮೋಡಿನ ಸೀಟು 17ರಿಂದ 19 ಇಂಚು ಎತ್ತರ. ಮನೆಗೆ ಅದು ಕಡ್ಡಾಯ ಅಲ್ಲ, ನಾನು ಅದನ್ನೇ ನೋಡಿ ಮಾಡಿಸಿದೆ. ನೀನು ಅಮ್ಮನನ್ನು ಕೂರಿಸಿ, ಪಾದ ನೆಲಕ್ಕೆ ಊರುತ್ತದಾ, ಏಳಲು ಸುಲಭವಾ ಅಂತ ನೋಡಿ ಎತ್ತರ ಹೊಂದಿಸು. ಹಿಡಿಕೆಯ ಬೋಲ್ಟ್ ಇಟ್ಟಿಗೆಯೊಳಗೆ ಗಟ್ಟಿಯಾಗಿ ಕೂರಬೇಕು, ಬರೀ ಗಾರೆಯಲ್ಲಿ ಕೂತರೆ ಟವೆಲ್ ರಾಡಿನ ಗತಿಯೇ.

ಬಾಗಿಲು ಹೊರಗೆ ತೆರೆಯಲಿ ಅಣ್ಣ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡ ಬಿದ್ದಿದ್ದರೆ ತಳ್ಳಲು ಆಗುವುದಿಲ್ಲ. ಹೊರಗಿನಿಂದಲೂ ತೆಗೆಯಲು ಬರುವ ಚಿಲಕ ಹಾಕಿಸು. ಇದನ್ನು ಬರೆಯುವಾಗಲೇ ನನಗೆ ಕೈ ನಡುಗುತ್ತದೆ.

ದುಡ್ಡಿನ ಯೋಚನೆ ಬೇಡ, ಹಿಡಿಕೆ ಮತ್ತು ವಾಟರ್‌ಪ್ರೂಫಿಂಗ್ ಖರ್ಚು ನನ್ನದು. ಅಮ್ಮನನ್ನು ಹೆದರಿಸಬೇಡ. ಊತ ಇಳಿಯುತ್ತದೆ, ಏನೂ ಆಗುವುದಿಲ್ಲ, ಎಲ್ಲಾ ಸರಿಹೋಗುತ್ತದೆ. ನಾನೂ ಚೆನ್ನಾಗಿಯೇ ಇದ್ದೇನೆ, ನಿದ್ದೆ ಬರಲಿಲ್ಲ ಅಂದದ್ದನ್ನು ಅವಳಿಗೆ ಹೇಳಬೇಡ. ಕೆಲಸ ಮುಗಿಯುವವರೆಗೆ ಅವಳು ಒಬ್ಬಳೇ ಸ್ನಾನಕ್ಕೆ ಹೋಗುವಾಗ ಬಾಗಿಲು ಹಾಕಿಕೊಳ್ಳದಿರಲಿ, ಅತ್ತಿಗೆ ಹತ್ತಿರವೇ ಇರಲಿ.

ಮಕ್ಕಳ ಬಸ್ ಬಂತು, ಇಷ್ಟಕ್ಕೇ ನಿಲ್ಲಿಸುತ್ತೇನೆ. ಎಕ್ಸ್‌ರೇ ಆದ ತಕ್ಷಣ ಫೋನ್ ಮಾಡು, ರಾತ್ರಿಯಾದರೂ ಪರವಾಗಿಲ್ಲ.

ನಿನ್ನ ತಂಗಿ